ನೋಡ್ ವಾಪಸು ಬಂದಿದೆ, ಕನೆಕ್ಷನ್‌ಗಳು ಮಾತ್ರ ಬರುತ್ತಿಲ್ಲ

ಮಲೆನಾಡ ಮಳೆ · ಸೋಮವಾರ, ರಾತ್ರಿ 9:40

ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡು ಕುಳಿತಿದ್ದೇನೆ. ಗೊತ್ತಿರುವವರು ದಾರಿ ತೋರಿಸಬೇಕು.

ನಮ್ಮಲ್ಲಿ ಮೂರು ನೋಡ್‌ಗಳ ಕಾಕ್ರೋಚ್‌ಡಿಬಿ ಕ್ಲಸ್ಟರ್ ಇದೆ, ಅಂದರೆ ಮೂರು ಸರ್ವರ್‌ಗಳು ಸೇರಿ ಒಂದೇ ಡೇಟಾಬೇಸ್‌ನಂತೆ ದುಡಿಯುತ್ತವೆ. ವರ್ಚುವಲ್ ಯಂತ್ರಗಳ ಮೇಲೆ ಓಡುತ್ತದೆ, ಪ್ರತಿ ನೋಡ್‌ಗೂ 8 ವಿಸಿಪಿಯು (ವರ್ಚುವಲ್ ಸಿಪಿಯು). ಮುಂದೆ ಲೋಡ್ ಬ್ಯಾಲೆನ್ಸರ್ ಆಗಿ ಒಂದು ಎಚ್‌ಎಪ್ರಾಕ್ಸಿ, ರೌಂಡ್ ರಾಬಿನ್ (ಸರದಿಯಂತೆ ಒಂದೊಂದು ನೋಡ್‌ಗೆ) ಕ್ರಮದಲ್ಲಿ. ಆ್ಯಪ್ ಸ್ಪ್ರಿಂಗ್ ಬೂಟ್‌ನದು. ಕುಬರ್ನೆಟೀಸ್‌ನಲ್ಲಿ 24 ಪಾಡ್ (ಆ್ಯಪ್‌ನ 24 ಪ್ರತಿಗಳು), ಪ್ರತಿ ಪಾಡ್‌ನಲ್ಲೂ 20ರ ಹಿಕಾರಿ ಪೂಲ್ (ಮೊದಲೇ ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಸಂಗ್ರಹ). ಅಲ್ಲಿಗೆ ಒಟ್ಟು 480 ಕನೆಕ್ಷನ್.

ಭಾನುವಾರ ರಾತ್ರಿ ಡೇಟಾಬೇಸ್‌ನ ಆವೃತ್ತಿ ಏರಿಸಿದೆವು. ಒಂದು ನೋಡ್ ನಿಲ್ಲಿಸುವುದು, ಹೊಸ ಬೈನರಿ ಹಾಕುವುದು, ಎಬ್ಬಿಸುವುದು, ಆಮೇಲೆ ಮುಂದಿನದಕ್ಕೆ ಹೋಗುವುದು. ಎಲ್ಲವೂ ಹೂವು ಎತ್ತಿದ ಹಾಗೆ ಮುಗಿಯಿತು ಎಂದುಕೊಂಡು ಮಲಗಿದೆ. ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯ ಟ್ರಾಫಿಕ್ ಏರಿದ ಮೇಲೆ ನೋಡಿದರೆ ಒಂದನೇ ನೋಡ್‌ನ ಸಿಪಿಯು ಶೇ 90 ದಾಟಿದೆ, ಮೂರನೆಯದು ತಣ್ಣಗೆ ಕುಳಿತಿದೆ. ಕನೆಕ್ಷನ್ ಎಣಿಸಿದೆ: 294, 179, 7. ಮೂರರಲ್ಲೂ ಡೇಟಾ ಸಮವಾಗಿಯೇ ಇದೆ, ಲಾಗ್‌ನಲ್ಲಿ ದೋಷವೇನೂ ಇಲ್ಲ. ಸಾಮಾನ್ಯವಾಗಿ 15 ಮಿಲಿಸೆಕೆಂಡ್‌ನಲ್ಲಿ ಮುಗಿಯುವ ಟ್ರಾನ್ಸಾಕ್ಷನ್ ಇಂದು 70 ತೆಗೆದುಕೊಳ್ಳುತ್ತಿದೆ.

ಮೂರನೇ ನೋಡ್‌ಗೆ ಏನಾದರೂ ಕಾಯಿಲೆಯೇ? ಪೂಲ್ ಸಾಲುತ್ತಿಲ್ಲ, 40 ಮಾಡಿ ಎಂದು ಮೇಲಿನವರು ಹೇಳುತ್ತಿದ್ದಾರೆ.

ಹಳೆ ಡಿಬಿಎ · ಸೋಮವಾರ, ರಾತ್ರಿ 10:15

ಮೂರನೇ ನೋಡ್ ಗಟ್ಟಿಮುಟ್ಟಾಗಿದೆ. ಕೊನೆಯಲ್ಲಿ ರೀಸ್ಟಾರ್ಟ್ ಆದದ್ದೊಂದೇ ಅದರ ತಪ್ಪು.

ಲೆಕ್ಕ ಹಾಕಿ ನೋಡಿ. ಮೊದಲು 160, 160, 160 ಇತ್ತು. ಒಂದನೆಯದನ್ನು ನಿಲ್ಲಿಸಿದಾಗ ಅದರ 160 ಉಳಿದೆರಡಕ್ಕೆ ಹಂಚಿಹೋಗಿ 0, 240, 240 ಆಯಿತು. ಅದು ಎದ್ದು ಬಂತು, ಆದರೆ ಕೈ ಖಾಲಿ. ಎರಡನೆಯದನ್ನು ನಿಲ್ಲಿಸಿದಾಗ ಅದರ 240 ಅರ್ಧರ್ಧವಾಗಿ 120, 0, 360. ಮೂರನೆಯದನ್ನು ನಿಲ್ಲಿಸಿದಾಗ 360 ಅರ್ಧರ್ಧವಾಗಿ 300, 180, 0. ನಿಮ್ಮ ಸಂಖ್ಯೆಗೆ ಹೆಚ್ಚುಕಡಿಮೆ ಇದೇ ಅಲ್ಲವೇ? ಆ 7 ಎಲ್ಲಿಂದ ಬಂತು ಎಂದರೆ, ರಾತ್ರಿ ನಿಮ್ಮ ಒಂದು ಪಾಡ್ ಬಿದ್ದು ಎದ್ದಿರಬೇಕು. ಅದರ 20 ಕನೆಕ್ಷನ್‌ಗಳಲ್ಲಿ ಮೂರನೇ ಒಂದು ಪಾಲು ಆ ನೋಡ್‌ಗೆ ಸಿಕ್ಕಿದೆ.

ಲೋಡ್ ಬ್ಯಾಲೆನ್ಸರ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಈ ಮಟ್ಟದಲ್ಲಿ ಅದು ಕ್ವೆರಿಗಳನ್ನು ಹಂಚುವುದಿಲ್ಲ, ಹೊಸದಾಗಿ ಬರುವ ಕನೆಕ್ಷನ್ ಯಾವ ನೋಡ್‌ಗೆ ಹೋಗಬೇಕು ಎಂಬುದನ್ನಷ್ಟೇ ಆರಿಸುತ್ತದೆ. ಒಮ್ಮೆ ಕೂಡಿಸಿದ ಮೇಲೆ ಆ ಕನೆಕ್ಷನ್ ಮುಚ್ಚುವವರೆಗೆ ಅಲ್ಲೇ ಇರುತ್ತದೆ. ಬಸ್ ನಿಲ್ದಾಣದಲ್ಲಿ ಹೊಸ ಟಿಕೆಟ್ ಕೌಂಟರ್ ತೆರೆದರೆ ಹಳೆಯ ಸಾಲಿನಲ್ಲಿ ನಿಂತವರಾದರೂ ಅತ್ತ ಓಡುತ್ತಾರೆ. ಕನೆಕ್ಷನ್‌ಗಳಿಗೆ ಆ ಬುದ್ಧಿಯಿಲ್ಲ.

ಡೇಟಾ ಸಮವಾಗಿದ್ದರೂ ಸಿಪಿಯು ಏಕೆ ಸಮವಾಗಿಲ್ಲ ಎಂದು ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಕನೆಕ್ಷನ್ ಬಂದು ಕೂತ ನೋಡ್ ಅದಕ್ಕೆ ಹೆಬ್ಬಾಗಿಲು. ಎಸ್‌ಕ್ಯೂಎಲ್ ಓದುವುದು, ಯೋಜನೆ ಹಾಕುವುದು, ಬೇರೆ ನೋಡ್‌ಗಳಿಂದ ಸಾಲುಗಳನ್ನು ತರಿಸಿ ಜೋಡಿಸುವುದು ಎಲ್ಲ ಅದರ ತಲೆಗೇ ಬೀಳುತ್ತದೆ.

ಒಂದು ಸಂಗತಿ ಮಾತ್ರ ನನಗೆ ಹೊಂದುತ್ತಿಲ್ಲ. ಹಿಕಾರಿಯಲ್ಲಿ ಕನೆಕ್ಷನ್‌ನ ಗರಿಷ್ಠ ಆಯುಷ್ಯ ಮೊದಲಿನಿಂದಲೇ 30 ನಿಮಿಷ. ಅದನ್ನು ಮುಟ್ಟದಿದ್ದರೆ ಅರ್ಧ ಗಂಟೆಯಲ್ಲಿ ಇದು ತಾನಾಗಿ ಸರಿಹೋಗಬೇಕಿತ್ತು. ನಿಮ್ಮ ಮ್ಯಾಕ್ಸ್‌ಲೈಫ್‌ಟೈಮ್ ಎಷ್ಟಿದೆ ನೋಡಿ.

ಮಲೆನಾಡ ಮಳೆ · ಸೋಮವಾರ, ರಾತ್ರಿ 10:32

ಸೊನ್ನೆ.

ಕಡತದಲ್ಲಿ ಸ್ಪಷ್ಟವಾಗಿ ಸೊನ್ನೆ ಎಂದು ಬರೆದಿದೆ. ಅದರ ಮೇಲೊಂದು ಟಿಪ್ಪಣಿ: ‘ಕನೆಕ್ಷನ್ ಕಡಿಯುವ ತೊಂದರೆಗೆ ಪರಿಹಾರ’. ಬರೆದವರು ಕೆಲಸ ಬಿಟ್ಟು ಎರಡು ವರ್ಷವಾಗಿದೆ. ಪಾಡ್ ವಿಚಾರವೂ ನಿಜ, ಬೆಳಗಿನ ಜಾವ ಒಂದು ಪಾಡ್ ಮೆಮೊರಿ ಸಾಲದೆ ಬಿದ್ದಿತ್ತು. ನೀವು ಜ್ಯೋತಿಷ್ಯವನ್ನೂ ಹೇಳುತ್ತೀರಾ ಸರ್?

ಹಳೆ ಡಿಬಿಎ · ಸೋಮವಾರ, ರಾತ್ರಿ 10:41

ಸೊನ್ನೆ ಎಂದರೆ ಹಿಕಾರಿಯ ಪ್ರಕಾರ ಚಿರಂಜೀವಿ. ಕಾಯಿಲೆ ಅಲ್ಲೇ ಇದೆ. ಅದನ್ನು 5 ನಿಮಿಷ ಮಾಡಿ. ಎಲ್ಲ ಕನೆಕ್ಷನ್‌ಗಳೂ ಒಂದೇ ಕ್ಷಣಕ್ಕೆ ಸಾಯುತ್ತವೆ ಎಂದು ಹೆದರಬೇಡಿ. ಹಿಕಾರಿ ಪ್ರತಿಯೊಂದರ ಆಯುಷ್ಯದಲ್ಲೂ ಚೂರು ಹಿಂದೆಮುಂದೆ ಮಾಡಿ ಹಂಚಿಡುತ್ತದೆ.

ಆದರೆ ಆ ಟಿಪ್ಪಣಿಯನ್ನು ಹಾಗೇ ಅಳಿಸಬೇಡಿ. ಅವರು ಯಾವ ತೊಂದರೆ ಕಂಡು ಅದನ್ನು ಬರೆದರು ಎಂದು ತಿಳಿಯದೆ ತೆಗೆದರೆ ಆ ತೊಂದರೆ ಮತ್ತೆ ಬಂದೀತು.

ಕಾಫಿ ಲೋಟ · ಸೋಮವಾರ, ರಾತ್ರಿ 11:05

ಇಷ್ಟಕ್ಕೆಲ್ಲ ಏಕೆ ಒದ್ದಾಟ? ಎಚ್‌ಎಪ್ರಾಕ್ಸಿಯಲ್ಲಿ ರೌಂಡ್ ರಾಬಿನ್ ತೆಗೆದು ಲೀಸ್ಟ್‌ಕಾನ್ ಹಾಕಿ. ಯಾವ ನೋಡ್‌ನಲ್ಲಿ ಕಡಿಮೆ ಕನೆಕ್ಷನ್ ಇದೆಯೋ ಅಲ್ಲಿಗೆ ಕಳಿಸುತ್ತದೆ. ಎಸ್‌ಕ್ಯೂಎಲ್‌ನಂತಹ ದೀರ್ಘ ಸೆಷನ್‌ಗಳಿಗೆ ಅದೇ ಸರಿ ಎಂದು ಎಚ್‌ಎಪ್ರಾಕ್ಸಿಯ ಕೈಪಿಡಿಯೇ ಹೇಳುತ್ತದೆ.

ಹಳೆ ಡಿಬಿಎ · ಸೋಮವಾರ, ರಾತ್ರಿ 11:20

ಹಾಕಲಿ, ಬೇಡ ಎನ್ನುವುದಿಲ್ಲ. ಆದರೆ ಅದೇ ಲೆಕ್ಕವನ್ನು ಲೀಸ್ಟ್‌ಕಾನ್‌ನಿಂದ ಮಾಡಿ ನೋಡಿ. ಮೊದಲು 0, 240, 240. ಎರಡನೆಯದು ನಿಂತಾಗ ಅದರ 240 ಪೂರ್ತಿ ಖಾಲಿಯಿದ್ದ ಒಂದಕ್ಕೆ ಹೋಗುತ್ತದೆ: 240, 0, 240. ಮೂರನೆಯದು ನಿಂತಾಗ 240, 240, 0. ಕೊನೆಯದಕ್ಕೆ ಆಗಲೂ ಸೊನ್ನೆಯೇ. ಕನೆಕ್ಷನ್ ಸಾಯದ ಹೊರತು ಯಾವ ಕ್ರಮ ಹಾಕಿದರೂ ಕೊನೆಯ ನೋಡ್‌ಗೆ ಅನ್ನವಿಲ್ಲ.

ಇನ್ನೊಂದು ಮಾತು. ಲೀಸ್ಟ್‌ಕಾನ್ ಎಣಿಸುವುದು ತಲೆಗಳನ್ನು, ದುಡಿಮೆಯನ್ನಲ್ಲ. ನಿದ್ದೆ ಮಾಡುವ ಕನೆಕ್ಷನ್ ಕೂಡ ಅದಕ್ಕೆ ಒಂದು, ಬೆವರು ಸುರಿಸುವುದೂ ಒಂದು.

ಬಯಲುಸೀಮೆ · ಮಂಗಳವಾರ, ಬೆಳಿಗ್ಗೆ 7:10

ನಾನು ಕಸಾಂಡ್ರಾ ಎಂಬ ಬೇರೆ ಡೇಟಾಬೇಸ್‌ನ ಕಡೆಯವನು. ಇದನ್ನೆಲ್ಲ ಓದಿ ನಿಮ್ಮ ಬಗ್ಗೆ ಸ್ವಲ್ಪ ಕನಿಕರ ಮೂಡಿತು.

ನಮ್ಮಲ್ಲಿ ನಡುವೆ ಲೋಡ್ ಬ್ಯಾಲೆನ್ಸರ್ ಇರುವುದಿಲ್ಲ, ಇರಲೂಬಾರದು. ಡ್ರೈವರ್‌ಗೆ (ಆ್ಯಪ್ ಪರವಾಗಿ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ) ಎರಡು ಮೂರು ನೋಡ್‌ಗಳ ವಿಳಾಸ ಕೊಟ್ಟರೆ ಸಾಕು. ಅದು 9042ನೇ ಪೋರ್ಟ್‌ನಲ್ಲಿ ಒಂದರ ಬಾಗಿಲು ತಟ್ಟಿ, ಅಲ್ಲಿನ ಪೀರ್ಸ್ ಕೋಷ್ಟಕ ಓದಿ ಉಳಿದವರನ್ನೆಲ್ಲ ತಾನೇ ಪತ್ತೆ ಹಚ್ಚುತ್ತದೆ. ಯಾರು ಬಂದರು, ಯಾರು ಹೋದರು ಎಂದು ಕೇಳಿಸಿಕೊಳ್ಳಲು ಒಂದು ಕನೆಕ್ಷನ್ ಮೀಸಲಿಡುತ್ತದೆ. ನೋಡ್ ಎದ್ದು ಬಂದರೆ ತಾನಾಗಿ ಹೋಗಿ ಸೇರಿಕೊಳ್ಳುತ್ತದೆ. ಯಾವ ಕೀಲಿ ಯಾವ ನೋಡ್‌ನಲ್ಲಿದೆ ಎಂಬುದು ಡ್ರೈವರ್‌ಗೆ ಗೊತ್ತು, ಆದ್ದರಿಂದ ಪ್ರಶ್ನೆ ನೇರವಾಗಿ ಡೇಟಾ ಇರುವಲ್ಲಿಗೇ ಹೋಗುತ್ತದೆ. ನಡುವೆ ಬ್ಯಾಲೆನ್ಸರ್ ಇಟ್ಟರೆ ಈ ಜಾಣತನವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕನೆಕ್ಷನ್ ಸಂಖ್ಯೆಯೂ ಕಡಿಮೆ. ಮೂರನೇ ಆವೃತ್ತಿಯ ಪ್ರೋಟೋಕಾಲ್‌ನಿಂದ ಈಚೆಗೆ ಒಂದೇ ಕನೆಕ್ಷನ್‌ನಲ್ಲಿ 32768 ಪ್ರಶ್ನೆಗಳು ಒಟ್ಟಿಗೆ ಹರಿಯಬಹುದು. ಜಾವಾ ಡ್ರೈವರ್ ತಾನಾಗಿ ನೋಡ್‌ಗೆ ಒಂದು ಕನೆಕ್ಷನ್ ತೆರೆದು, ಅದರಲ್ಲಿ 1024ಕ್ಕೆ ಮಿತಿ ಹಾಕಿಕೊಳ್ಳುತ್ತದೆ. ನಿಮ್ಮ ಕಾಕ್ರೋಚ್‌ಡಿಬಿ ಮಾತಾಡುವ ಪೋಸ್ಟ್‌ಗ್ರೆಸ್ ಪ್ರೋಟೋಕಾಲ್‌ನಲ್ಲಿ ಒಂದು ಟ್ರಾನ್ಸಾಕ್ಷನ್ ನಡೆದಿರುವಾಗ ಆ ಕನೆಕ್ಷನ್ ಪೂರ್ತಿ ಅದಕ್ಕೇ ಮೀಸಲು. ಅದಕ್ಕೇ ನಿಮಗೆ ಇಷ್ಟೊಂದು ಬೇಕು.

ನಾವೇನೂ ಸಾಚಾಗಳಲ್ಲ ಬಿಡಿ. ಹಿಂದೊಮ್ಮೆ ನಾನೇ ಪ್ರತಿ ಕೋರಿಕೆಗೂ ಹೊಸ ಸೆಷನ್ ತೆರೆದು ಮುಚ್ಚುವ ಕೋಡ್ ಬರೆದಿದ್ದೆ. ಸೆಷನ್ ಎಂಬುದು ಆ್ಯಪ್‌ಗೆ ಒಂದೇ ಇರಬೇಕಾದ ವಸ್ತು. ಪ್ರತಿ ಬಾರಿಯೂ ಅದು ಇಡೀ ಊರಿನ ಪರಿಚಯ ಮಾಡಿಕೊಂಡು, ಎಲ್ಲ ನೋಡ್‌ಗಳಿಗೂ ಕೈಕುಲುಕಿ ಬರುತ್ತಿತ್ತು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಓಡಿತು. ನಿಜವಾದ ಟ್ರಾಫಿಕ್ ಬಂದ ಹತ್ತು ನಿಮಿಷಕ್ಕೆ ಕ್ಲಸ್ಟರ್ ಕೈಕುಲುಕುವ ಕೆಲಸವೊಂದನ್ನೇ ಮಾಡುತ್ತಿತ್ತು.

ಮಲೆನಾಡ ಮಳೆ · ಮಂಗಳವಾರ, ಬೆಳಿಗ್ಗೆ 8:25

ಹಾಗಾದರೆ ನಮ್ಮ ಡ್ರೈವರ್‌ಗೂ ಮೂರು ವಿಳಾಸ ಕೊಟ್ಟು ಎಚ್‌ಎಪ್ರಾಕ್ಸಿ ತೆಗೆದುಬಿಡಬಹುದೇ?

ರಾತ್ರಿ ಪಾಳಿ · ಮಂಗಳವಾರ, ಬೆಳಿಗ್ಗೆ 9:50

ಕೊಡಬಹುದು, ಆದರೆ ಅದು ಬಯಲುಸೀಮೆಯವರು ಹೇಳಿದ ಜಾಣ ಡ್ರೈವರ್ ಅಲ್ಲ. ನೀವು ಬಳಸುವ ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ (ಜಾವಾ) ಡ್ರೈವರ್‌ಗೆ ಹಲವು ವಿಳಾಸ ಕೊಟ್ಟರೆ ಬರೆದ ಕ್ರಮದಲ್ಲೇ ಪ್ರಯತ್ನಿಸುತ್ತದೆ. ಅಂದರೆ ಎಲ್ಲ ಕನೆಕ್ಷನ್‌ಗಳೂ ಮೊದಲನೆಯದಕ್ಕೇ ಹೋಗಿ ಬೀಳುತ್ತವೆ. ಲೋಡ್‌ಬ್ಯಾಲೆನ್ಸ್‌ಹೋಸ್ಟ್ಸ್ ಎಂಬುದನ್ನು ಟ್ರೂ ಮಾಡಿದರೆ ಕ್ರಮ ಕಲಸಿ ಆರಿಸುತ್ತದೆ. ಆದರೂ ನಾಳೆ ನಾಲ್ಕನೇ ನೋಡ್ ಸೇರಿಸಿದರೆ ಅದಕ್ಕೆ ತಿಳಿಯುವುದಿಲ್ಲ, ಪಟ್ಟಿಯನ್ನು ನೀವೇ ತಿದ್ದಬೇಕು. ಯುಗಬೈಟ್ ಎಂಬ ಇನ್ನೊಂದು ಡೇಟಾಬೇಸ್‌ನವರು ಅದೇ ಡ್ರೈವರನ್ನು ತಿದ್ದಿ, ಕ್ಲಸ್ಟರನ್ನೇ ಕೇಳಿ ಪಟ್ಟಿ ಹೊಸದು ಮಾಡಿಕೊಳ್ಳುವ ಹಾಗೆ ಮಾಡಿದ್ದಾರೆ. ನಿಮ್ಮಲ್ಲಿ ಎಚ್‌ಎಪ್ರಾಕ್ಸಿ ಇರಲಿ.

ಈಗ ಆ ಹಳೆಯ ಟಿಪ್ಪಣಿಯ ವಿಚಾರ. ಆ್ಯಪ್‌ನಿಂದ ಡೇಟಾಬೇಸ್‌ಗೆ ಹೋಗುವ ದಾರಿಯಲ್ಲಿ ಕ್ಲೌಡ್‌ನವರ ನ್ಯಾಟ್ ಗೇಟ್‌ವೇ (ವಿಳಾಸ ಬದಲಿಸಿ ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲು) ಏನಾದರೂ ಇದೆಯೇ? ಎಡಬ್ಲ್ಯುಎಸ್‌ನಲ್ಲಿ ಅದು 350 ಸೆಕೆಂಡ್ ಸದ್ದಿಲ್ಲದ ಕನೆಕ್ಷನನ್ನು ಮರೆತುಬಿಡುತ್ತದೆ. ಮರೆತದ್ದನ್ನು ಆ ಹೊತ್ತಿಗೆ ಯಾರಿಗೂ ಹೇಳುವುದೂ ಇಲ್ಲ. ಪೂಲ್ ಮಾತ್ರ ತನ್ನ ಬಳಿ ಜೀವಂತ ಕನೆಕ್ಷನ್ ಇದೆ ಎಂದೇ ನಂಬಿಕೊಂಡಿರುತ್ತದೆ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಮೊದಲ ಬಾರಿ ತಟ್ಟಿ ನೋಡುವುದು 7200 ಸೆಕೆಂಡ್, ಎಂದರೆ ಎರಡು ಗಂಟೆ ಆದ ಮೇಲೆ. ಅದೂ ಕೇಳಿಕೊಂಡವರಿಗೆ ಮಾತ್ರ, ಈ ಡ್ರೈವರ್ ತಾನಾಗಿ ಕೇಳಿಕೊಳ್ಳುವುದಿಲ್ಲ.

ಮಲೆನಾಡ ಮಳೆ · ಮಂಗಳವಾರ, ಬೆಳಿಗ್ಗೆ 10:20

ಇದೆ! ಎರಡು ಜಾಲಗಳ ನಡುವೆ ಒಂದು ಇದೆ. ಆಗ ಬೆಳಿಗ್ಗೆ ಮೊದಲು ಲಾಗಿನ್ ಆಗುವವರಿಗೆಲ್ಲ ಪರದೆ ಸುಮ್ಮನೆ ನಿಂತುಬಿಡುತ್ತಿತ್ತಂತೆ. ಹಳಬರೊಬ್ಬರನ್ನು ಕೇಳಿ ತಿಳಿದುಕೊಂಡೆ.

ರಾತ್ರಿ ಪಾಳಿ · ಮಂಗಳವಾರ, ಬೆಳಿಗ್ಗೆ 10:45

ಅದೇ ನೋಡಿ. ಕನೆಕ್ಷನ್ ಕಡಿಯುತ್ತಿದ್ದುದು ದಾರಿಯಲ್ಲಿ, ಪೂಲ್‌ನಲ್ಲಿ ಅಲ್ಲ. ಪೂಲ್ ಕಡಿಯುತ್ತಿದೆ ಎಂದುಕೊಂಡು ಅವರು ಆಯುಷ್ಯಕ್ಕೆ ಸೊನ್ನೆ ಬರೆದರು. ಆಮೇಲೆ ಟ್ರಾಫಿಕ್ ಹೆಚ್ಚಿ ಯಾವ ಕನೆಕ್ಷನ್‌ಗೂ ಅಷ್ಟು ಹೊತ್ತಿನ ಬಿಡುವೇ ಸಿಗದಂತಾಯಿತು, ತೊಂದರೆ ತಾನಾಗಿ ಮರೆಯಾಯಿತು, ಸೊನ್ನೆ ಹೆಸರು ಮಾಡಿತು.

ಸರಿಯಾದ ಮದ್ದು ಇದು. ಹಿಕಾರಿಯ ಕೀಪ್‌ಅಲೈವ್‌ಟೈಮ್ 2 ನಿಮಿಷ ಇಡಿ. ಖಾಲಿ ಕೂತ ಕನೆಕ್ಷನ್‌ಗಳನ್ನು ಆಗಾಗ ತಟ್ಟಿ ನೋಡುತ್ತದೆ, 350 ಸೆಕೆಂಡ್ ತುಂಬಲು ಬಿಡುವುದಿಲ್ಲ. ಜೊತೆಗೆ ಜೆಡಿಬಿಸಿಯ ಸಾಕೆಟ್‌ಟೈಮ್‌ಔಟ್ ನೋಡಿ. ಏನೂ ಬರೆಯದಿದ್ದರೆ ಅದು ಸೊನ್ನೆ, ಅಂದರೆ ಉತ್ತರ ಬರುವವರೆಗೆ ಎಷ್ಟು ಹೊತ್ತಾದರೂ ಕಾಯುತ್ತದೆ. ಕಳಿಸಿದ ಪ್ಯಾಕೆಟ್‌ಗೆ ಉತ್ತರವೇ ಇಲ್ಲದಾಗ ಲಿನಕ್ಸ್ ಕೈಚೆಲ್ಲುವುದು ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸಿ ನೋಡಿದ ಮೇಲೆ. ಪರದೆ ನಿಂತದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ಆದರೆ ಸಾಕೆಟ್‌ಟೈಮ್‌ಔಟ್ 30 ಸೆಕೆಂಡ್ ಎಂದು ಕಣ್ಣು ಮುಚ್ಚಿ ಬರೆದರೆ ನಿಮ್ಮ ದೀರ್ಘ ವರದಿಗಳೂ ನಡುವೆಯೇ ಸಾಯುತ್ತವೆ, ಎಚ್ಚರ.

ಹಳೆ ಡಿಬಿಎ · ಮಂಗಳವಾರ, ಮಧ್ಯಾಹ್ನ 1:15

ಪೂಲ್ 40 ಮಾಡುವ ಮಾತು ಹಾಗೇ ಉಳಿದಿದೆ. ದಯವಿಟ್ಟು ಮಾಡಬೇಡಿ.

ಮದುವೆ ಊಟದಲ್ಲಿ ಬಡಿಸುವವರು ನಾಲ್ಕೇ ಮಂದಿ ಎಂದುಕೊಳ್ಳಿ. ಐವತ್ತು ಎಲೆ ಹಾಕುವ ಪಂಕ್ತಿಯಲ್ಲಿ ನೂರು ಎಲೆ ಹಾಸಿದರೆ ಊಟ ಬೇಗ ಮುಗಿಯುವುದಿಲ್ಲ. ಎಲ್ಲರ ಎಲೆಗೂ ಉಪ್ಪು, ಕೋಸಂಬರಿ ಬಿದ್ದಿರುತ್ತದೆ, ಅನ್ನ ಯಾರಿಗೂ ಬಂದಿರುವುದಿಲ್ಲ. ಪಂಕ್ತಿ ಚಿಕ್ಕದಿದ್ದು, ಕಾಯುವವರು ಹೊರಗೆ ಚಪ್ಪರದಲ್ಲಿ ಕಾಯುವುದೇ ಲೇಸು. ಆ ಚಪ್ಪರವೇ ಹಿಕಾರಿಯ ಒಳಗಿನ ಸಾಲು.

ನಿಮ್ಮ ಕ್ಲಸ್ಟರ್‌ಗೆ ಒಟ್ಟು 24 ವಿಸಿಪಿಯು. ಏಕಕಾಲಕ್ಕೆ ದುಡಿಯುವ ಕನೆಕ್ಷನ್‌ಗಳು ವಿಸಿಪಿಯು ಒಂದಕ್ಕೆ ನಾಲ್ಕನ್ನು ಮೀರದಿರಲಿ ಎಂಬುದು ಕಾಕ್ರೋಚ್‌ಡಿಬಿಯವರದೇ ಸಲಹೆ. ಅಂದರೆ 96. ಇದನ್ನು 24 ಪಾಡ್‌ಗಳಿಗೆ ಹಂಚಿದರೆ ತಲಾ 4.

ಮಲೆನಾಡ ಮಳೆ · ಮಂಗಳವಾರ, ಮಧ್ಯಾಹ್ನ 1:30

ಇಪ್ಪತ್ತಿದ್ದದ್ದು ನಾಲ್ಕಕ್ಕೆ? ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಸರ್.

ಹಳೆ ಡಿಬಿಎ · ಮಂಗಳವಾರ, ಮಧ್ಯಾಹ್ನ 1:48

ಒಂದು ಪಾಡ್‌ಗೆ ಸೆಕೆಂಡಿಗೆ ಎಷ್ಟು ಟ್ರಾನ್ಸಾಕ್ಷನ್ ಬರುತ್ತದೆ?

ಮಲೆನಾಡ ಮಳೆ · ಮಂಗಳವಾರ, ಮಧ್ಯಾಹ್ನ 1:55

ತುಂಬಾ ಬಿಸಿ ಹೊತ್ತಿನಲ್ಲಿ 60.

ಹಳೆ ಡಿಬಿಎ · ಮಂಗಳವಾರ, ಮಧ್ಯಾಹ್ನ 2:04

60ನ್ನು 15 ಮಿಲಿಸೆಕೆಂಡ್‌ನಿಂದ ಗುಣಿಸಿ: 0.9. ಸರಾಸರಿ ಒಂದು ಕನೆಕ್ಷನ್ ಕೂಡ ಪೂರ್ತಿ ದುಡಿಯುತ್ತಿಲ್ಲ. ನಿನ್ನೆಯ 70 ಮಿಲಿಸೆಕೆಂಡ್ ಹಿಡಿದರೂ 4.2. ಉಳಿದ ಹದಿನೈದು ಹದಿನಾರು ಕನೆಕ್ಷನ್‌ಗಳು ಒಮ್ಮೆಲೇ ನೂಕುನುಗ್ಗಲು ಆದಾಗ ಡೇಟಾಬೇಸ್ ಮೇಲೆ ಮುಗಿಬೀಳುವುದಕ್ಕೆ ಮಾತ್ರ ಉಪಯೋಗ. ಮೇಲಿನವರಿಗೆ ಈ ಗುಣಾಕಾರ ತೋರಿಸಿ. ಸಮಾಧಾನಕ್ಕೆ 5 ಇಟ್ಟುಕೊಳ್ಳಿ.

ಕಾಫಿ ಲೋಟ · ಮಂಗಳವಾರ, ಮಧ್ಯಾಹ್ನ 3:30

ನಡುವೆ ಪಿಜಿಬೌನ್ಸರ್ (ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ತಂತ್ರಾಂಶ) ಹಾಕಿದರೆ ಪೂಲ್ ಎಷ್ಟಿದ್ದರೂ ಚಿಂತೆಯಿಲ್ಲವಲ್ಲ?

ರಾತ್ರಿ ಪಾಳಿ · ಮಂಗಳವಾರ, ಸಂಜೆ 4:10

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರಕ್ರಿಯೆ ಎದ್ದು ಕೂರುತ್ತದೆ. ಅಲ್ಲಿ ಸುಮ್ಮನಿರುವ ಕನೆಕ್ಷನ್ ಕೂಡ ದುಬಾರಿ, ಅದಕ್ಕೇ ಮಿತಿ ಮೊದಲಿನಿಂದಲೇ 100. ಪಿಜಿಬೌನ್ಸರ್ ಹುಟ್ಟಿದ್ದೇ ಆ ಹೊಟ್ಟೆನೋವಿಗೆ. ಕಾಕ್ರೋಚ್‌ಡಿಬಿ ಗೋ ಭಾಷೆಯಲ್ಲಿದೆ, ಅಲ್ಲಿ ಕನೆಕ್ಷನ್ ಎಂದರೆ ಹಗುರವಾದ ಗೋರೂಟೀನ್. ಸುಮ್ಮನಿರುವುದು ಅಗ್ಗ, ದುಡಿಯುವುದು ದುಬಾರಿ. ಇವರ ಲೆಕ್ಕದಲ್ಲಿ ಪೂಲ್ ಚಿಕ್ಕದು ಮಾಡಿದರೆ ಸಾಕು. ನಡುವೆ ಇನ್ನೊಂದು ಪೆಟ್ಟಿಗೆ ಇಟ್ಟರೆ ರಾತ್ರಿ ಎಬ್ಬಿಸುವವರು ಒಬ್ಬರು ಹೆಚ್ಚಾಗುತ್ತಾರೆ, ಅಷ್ಟೇ.

ಅದಕ್ಕಿಂತ ಮುಖ್ಯವಾದದ್ದು ನೋಡ್ ನಿಲ್ಲಿಸುವ ರೀತಿ. ಯಾರೂ ಅದನ್ನು ಕೇಳಲೇ ಇಲ್ಲ. ಭಾನುವಾರ ರಾತ್ರಿ ಆ್ಯಪ್‌ನಲ್ಲಿ ಒಂದಿಷ್ಟು ದೋಷಗಳು ಕಂಡಿರಬೇಕಲ್ಲ?

ಮಲೆನಾಡ ಮಳೆ · ಮಂಗಳವಾರ, ಸಂಜೆ 4:25

ಕಂಡವು. ಪ್ರತಿ ನೋಡ್ ನಿಲ್ಲಿಸಿದಾಗಲೂ ಒಂದೆರಡು ಡಜನ್. ಅದು ಸಹಜ ಎಂದುಕೊಂಡಿದ್ದೆ.

ರಾತ್ರಿ ಪಾಳಿ · ಮಂಗಳವಾರ, ಸಂಜೆ 5:30

ಸಹಜವೇನೂ ಅಲ್ಲ. ನೋಡ್‌ಗೆ ನಿಲ್ಲು ಎಂದಾಗ ಅದು ಸತ್ಯವನ್ನು ಹೇಳಿಯೇ ಹೊರಡುತ್ತದೆ. 8080ನೇ ಪೋರ್ಟ್‌ನಲ್ಲಿ ಎಚ್‌ಎಪ್ರಾಕ್ಸಿ ‘ಸಿದ್ಧವಿದ್ದೀಯಾ’ ಎಂದು ಕೇಳುತ್ತದಲ್ಲ, ಅದಕ್ಕೆ 503 (ಸದ್ಯ ಲಭ್ಯವಿಲ್ಲ) ಎಂದು ಉತ್ತರಿಸತೊಡಗುತ್ತದೆ. ಆದರೆ ಎಚ್‌ಎಪ್ರಾಕ್ಸಿ ಕೇಳುವುದು 2 ಸೆಕೆಂಡಿಗೊಮ್ಮೆ, ನಂಬುವುದು ಮೂರು ಸಲ ಇಲ್ಲ ಎಂದ ಮೇಲೆ. ಅಂದರೆ ಸುಮಾರು 6 ಸೆಕೆಂಡ್. ಇತ್ತ ಡೇಟಾಬೇಸ್‌ನ ಇನಿಶಿಯಲ್ ವೇಯ್ಟ್ ಎಂಬ ಕಾಯುವ ಅವಧಿ ಮೊದಲಿನಿಂದಲೇ ಸೊನ್ನೆ. ಹೋಗುತ್ತೇನೆ ಎಂದು ಹೇಳಿದ ಬಾಯಿ ಮುಚ್ಚುವ ಮೊದಲೇ ಹೊಸಬರಿಗೆ ಬಾಗಿಲು ಹಾಕಿಬಿಡುತ್ತದೆ. ಅದನ್ನು 15 ಸೆಕೆಂಡ್ ಮಾಡಿ.

ಅದರ ಮುಂದಿನ ಹಂತ ಇರುವ ಕನೆಕ್ಷನ್‌ಗಳು ತಾವಾಗಿ ಹೋಗಲಿ ಎಂದು ಕಾಯುವುದು. ಅದೂ ಸೊನ್ನೆ. ಅದನ್ನು ಮ್ಯಾಕ್ಸ್‌ಲೈಫ್‌ಟೈಮ್‌ಗಿಂತ ಸ್ವಲ್ಪ ಹೆಚ್ಚಿಡಬೇಕು. ನಿಮ್ಮದು 5 ನಿಮಿಷವಾದರೆ ಇದು 6. ಆಗ ಒಂದೊಂದೇ ಕನೆಕ್ಷನ್ ಆಯುಷ್ಯ ಮುಗಿದು, ಪೂಲ್‌ನಿಂದಲೇ ಮುಚ್ಚಿಹೋಗಿ, ಬೇರೆ ನೋಡ್‌ನಲ್ಲಿ ಹೊಸದಾಗಿ ಹುಟ್ಟುತ್ತದೆ. ಎಲ್ಲರೂ ಬೇಗ ಹೋದರೆ ನೋಡ್ ಆರು ನಿಮಿಷ ಪೂರ್ತಿ ಕಾಯುವುದಿಲ್ಲ. ಆಯುಷ್ಯ ಸೊನ್ನೆಯಿದ್ದರೆ ಈ ಹಂತಕ್ಕೆ ಅರ್ಥವೇ ಇಲ್ಲ, ಯಾರೂ ಹೋಗುವುದೇ ಇಲ್ಲವಲ್ಲ.

ಒಂದು ಗುಂಡಿ ಇದೆ, ನಾನು ಬಿದ್ದದ್ದು. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ವ್ಯವಸ್ಥೆ) ಮೂಲಕ ನಿಲ್ಲಿಸುತ್ತಿದ್ದರೆ ಅದರ ಟೈಮ್‌ಔಟ್‌ಸ್ಟಾಪ್‌ಸೆಕ್ ಸಾಮಾನ್ಯವಾಗಿ 90 ಸೆಕೆಂಡ್. ಡೇಟಾಬೇಸ್ ಆರು ನಿಮಿಷ ಗೌರವದಿಂದ ಕಾಯಲು ಕೂತರೆ ಸಿಸ್ಟಮ್‌ಡಿ ಒಂದೂವರೆ ನಿಮಿಷಕ್ಕೆ ಕತ್ತು ಹಿಸುಕುತ್ತದೆ. ಅದನ್ನೂ ಏರಿಸಿ.

ಬಯಲುಸೀಮೆ · ಮಂಗಳವಾರ, ರಾತ್ರಿ 8:00

ಅಷ್ಟೆಲ್ಲ ಮಾಡಿದರೂ ಯಂತ್ರವೇ ಹಠಾತ್ತನೆ ಸತ್ತರೆ ನಡುವಿನ ಟ್ರಾನ್ಸಾಕ್ಷನ್‌ಗಳು ಕಡಿಯುತ್ತವೆ. ಆ್ಯಪ್ ಮರುಪ್ರಯತ್ನ ಮಾಡಬೇಕು, ಆದರೆ ಯಾವುದನ್ನು ಎಂಬುದರಲ್ಲಿ ವಿವೇಕ ಇರಲಿ. ದೋಷಸಂಖ್ಯೆ 40001 ಬಂದರೆ ಟ್ರಾನ್ಸಾಕ್ಷನ್ ಆಗಿಲ್ಲ ಎಂದೇ ಅರ್ಥ, ಧೈರ್ಯವಾಗಿ ಮೊದಲಿನಿಂದ ಮಾಡಿ. 40003 ಬಂದರೆ ಆಯಿತೋ ಇಲ್ಲವೋ ಡೇಟಾಬೇಸ್‌ಗೇ ಹೇಳಲಾಗುತ್ತಿಲ್ಲ. ಅಂಗಡಿಯಲ್ಲಿ ಯುಪಿಐ ‘ಪ್ರಗತಿಯಲ್ಲಿದೆ’ ಎಂದು ತಿರುಗುತ್ತಾ ನಿಂತಾಗ ಮತ್ತೊಮ್ಮೆ ಹಣ ಕಳಿಸಿದವರಿಗೆ ಇದರ ಕಷ್ಟ ಗೊತ್ತು. ಪ್ರತಿ ವ್ಯವಹಾರಕ್ಕೂ ಆ್ಯಪ್ ಕಡೆಯಿಂದಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದರ ಮೇಲೆ ಯೂನಿಕ್ ನಿರ್ಬಂಧ ಹಾಕಿದರೆ ಎರಡನೇ ಸಲದ್ದು ತಾನಾಗಿ ತಿರಸ್ಕೃತವಾಗುತ್ತದೆ.

ಮತ್ತೆ, 24 ಪಾಡ್‌ಗಳೂ ಒಂದೇ ತಾಳದಲ್ಲಿ ಮರುಪ್ರಯತ್ನ ಮಾಡದಿರಲಿ. ಕಾಯುವ ಹೊತ್ತು ಸಲಸಲಕ್ಕೂ ದ್ವಿಗುಣವಾಗಲಿ, ಅದರಲ್ಲಿ ಸ್ವಲ್ಪ ಏರುಪೇರೂ ಇರಲಿ.

ಮಲೆನಾಡ ಮಳೆ · ಮುಂದಿನ ಸೋಮವಾರ, ಬೆಳಿಗ್ಗೆ 11:10

ಎಲ್ಲರಿಗೂ ನಮಸ್ಕಾರ. ಪೂಲ್ 5, ಆಯುಷ್ಯ 5 ನಿಮಿಷ, ಕೀಪ್‌ಅಲೈವ್ 2 ನಿಮಿಷ, ಕಾಯುವ ಅವಧಿ 15 ಸೆಕೆಂಡ್ ಮತ್ತು 6 ನಿಮಿಷ, ಸಿಸ್ಟಮ್‌ಡಿಯಲ್ಲಿ 10 ನಿಮಿಷ. ಎಚ್‌ಎಪ್ರಾಕ್ಸಿಯನ್ನು ರೌಂಡ್ ರಾಬಿನ್‌ನಲ್ಲೇ ಬಿಟ್ಟೆ. ನಿನ್ನೆ ರಾತ್ರಿ ಬೇಕೆಂದೇ ಮೂರೂ ನೋಡ್‌ಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಿದೆ. ಇಂದು ಹತ್ತು ಗಂಟೆಯ ಎಣಿಕೆ: 41, 38, 41. ಟ್ರಾನ್ಸಾಕ್ಷನ್ 14 ಮಿಲಿಸೆಕೆಂಡ್. 40 ಮಾಡಿ ಎಂದವರು ಸಂಖ್ಯೆ ನೋಡಿ ಏನೂ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ.

ಒಂದೇ ಒಂದು ಎಡವಟ್ಟು. ಎರಡನೇ ನೋಡ್ ಆರು ನಿಮಿಷ ಪೂರ್ತಿ ಕಾಯಿತು, ಕೊನೆಗೆ ಒಂದು ಕನೆಕ್ಷನನ್ನು ಕಡಿದೇ ನಿಂತಿತು. ಆಯುಷ್ಯ 5 ನಿಮಿಷ ಎಂದ ಮೇಲೆ ಅದು ಹೇಗೆ ಉಳಿಯಿತು?

ಹಳೆ ಡಿಬಿಎ · ಮುಂದಿನ ಸೋಮವಾರ, ಬೆಳಿಗ್ಗೆ 11:35

ಕೈಯಲ್ಲಿರುವ ಕನೆಕ್ಷನನ್ನು ಹಿಕಾರಿ ಕಿತ್ತುಕೊಳ್ಳುವುದಿಲ್ಲ. ಪೂಲ್‌ಗೆ ಮರಳಿಸಿದ ಮೇಲಷ್ಟೇ ಅದರ ಆಯುಷ್ಯ ನೋಡಿ ಮುಚ್ಚುತ್ತದೆ. ಆ ಹೊತ್ತಿಗೆ ಯಾರೋ ಒಂದನ್ನು ಹಿಡಿದು ಕೂತಿದ್ದಾರೆ. ರಾತ್ರಿಯ ಯಾವುದಾದರೂ ವರದಿ ಇದೆಯೇ?

ಮಲೆನಾಡ ಮಳೆ · ಮುಂದಿನ ಸೋಮವಾರ, ಮಧ್ಯಾಹ್ನ 12:20

ಇದೆ. ಲೆಕ್ಕಪತ್ರ ವಿಭಾಗದ್ದು, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಲವತ್ತು ನಿಮಿಷ. ಅದಕ್ಕೆ ಎರಡರ ಬೇರೆ ಪೂಲ್ ಮಾಡಿ, ವರದಿಯನ್ನು ದಿನದಿನಕ್ಕೆ ತುಂಡು ಮಾಡಿ ಓಡಿಸುತ್ತೇನೆ. ಆ ಹಳೆಯ ಟಿಪ್ಪಣಿಯ ಜಾಗದಲ್ಲಿ ಈಗ ಆರು ಸಾಲು ಬರೆದಿದ್ದೇನೆ, ನ್ಯಾಟ್‌ನ 350 ಸೆಕೆಂಡ್ ಸಮೇತ.